ಎಲ್ಲರ ಮದುವೆಗೂ ಕರೆದ ಮಾಯವ್ವ

ಮೇ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಗುಡೂರಿನ ಗೊಬ್ಬರದ ವ್ಯಾಪಾರಿ ಈರಪ್ಪ ಮಗಳ ಲಗ್ನಪತ್ರಿಕೆ ಹಿಡಿದುಕೊಂಡು ಇಳಕಲ್ ಠಾಣೆಗೆ ಬಂದ. ಠಾಣೆಗೆ ಲಗ್ನಪತ್ರಿಕೆ ಬರುವುದೇನೂ ಹೊಸದಲ್ಲ. ಕಾನ್‌ಸ್ಟೇಬಲ್ ಹಣಮಪ್ಪ ನಗುನಗುತ್ತ ಎದ್ದು ಎರಡೂ ಕೈಯಿಂದ ಅದನ್ನು ಇಸಿದುಕೊಂಡ. ಆದರೆ ಈರಪ್ಪ ಕರೆಯಲು ಬಂದಿರಲಿಲ್ಲ, ದೂರು ಕೊಡಲು ಬಂದಿದ್ದ.

ಇನ್‌ಸ್ಪೆಕ್ಟರ್ ಮಹಾನಂದಾ ಅವನನ್ನು ಕೂಡಿಸಿ, ನೀರು ಕೊಡಿಸಿ, ಪತ್ರಿಕೆ ಓದಿದರು. 'ತಮ್ಮ ಸುಖಾಗಮನ ಬಯಸುವವರು' ಎಂಬ ಸಾಲಿನ ಕೆಳಗೆ ಈರಪ್ಪನ ಅಣ್ಣತಮ್ಮಂದಿರು, ಅವರ ಹೆಂಡಂದಿರು, ಮಾವಂದಿರು, ಮೊನ್ನೆ ಮೊನ್ನೆ ತೊಟ್ಟಿಲಿಗೆ ಹಾಕಿದ ಕೂಸು, ಯಾರನ್ನೂ ಬಿಟ್ಟಿರಲಿಲ್ಲ. ಎಲ್ಲರಿಗಿಂತ ಕೊನೆಗೆ ಒಂದು ಹೆಸರಿತ್ತು: ಮಾಯವ್ವ. ಅಡ್ಡಹೆಸರಿಲ್ಲ, ಊರಿಲ್ಲ, ಹಿಂದೆ ಶ್ರೀಮತಿ ಎಂಬುದೂ ಇಲ್ಲ. ಈರಪ್ಪನ ಇಡೀ ಬಳಗದಲ್ಲಿ ಆ ಹೆಸರಿನವರು ಒಬ್ಬರೂ ಇರಲಿಲ್ಲ.

ಇದನ್ನು ಮೊದಲು ಕಂಡವನು ವರನ ತಂದೆ, ಬಾದಾಮಿಯ ಬಟ್ಟೆ ಅಂಗಡಿಯ ಬಾಬಣ್ಣ. ಈ ಹೆಂಗಸು ನಿಮಗೇನಾಗಬೇಕು ಎಂದು ಫೋನಿನಲ್ಲಿ ಕೇಳಿದ. ಈರಪ್ಪ ಗೊತ್ತಿಲ್ಲ ಎಂದದ್ದೇ ತಪ್ಪಾಯಿತು. ಇನ್ನೊಂದು ಸಂಸಾರ ಇದ್ದರೆ ಮೊದಲೇ ಹೇಳಬೇಕಿತ್ತು, ಗುರುವಾರದೊಳಗೆ ಆಕೆ ಯಾರೆಂದು ಹೇಳದಿದ್ದರೆ ಮದುವೆ ಇಲ್ಲ ಎಂದು ಬಾಬಣ್ಣ ಫೋನಿಟ್ಟ. ಅದೇ ಪ್ರಶ್ನೆಯನ್ನು ಈರಪ್ಪನ ಹೆಂಡತಿ ಸಿದ್ದಲಿಂಗವ್ವ ಮನೆಯಲ್ಲಿ ಇನ್ನೂ ಜೋರಾಗಿ ಕೇಳುತ್ತಿದ್ದಳಂತೆ. ಬಡಪಾಯಿಯ ಮುಖ ನೋಡಿದರೆ ಎರಡು ದಿನದಿಂದ ನೆಟ್ಟಗೆ ಊಟ ಮಾಡಿದ ಹಾಗಿರಲಿಲ್ಲ.

"ಅಚ್ಚಿಗೆ ಹೋಗೂಕಿಂತ ಮೊದಲ ಓದಿ ನೋಡಿದ್ರೇನು?" ಎಂದು ಮಹಾನಂದಾ ಕೇಳಿದರು.

"ನೋಡೇನ್ರಿ. ನನ್ನ ಹೆಸರು ನೋಡೇನಿ."

"ಉಳಿದವು?"

"ಉಳಿದವರು ಅವರವರ ಹೆಸರು ನೋಡ್ಕೊಂಡಾರ್ರಿ."

ಮಹಾನಂದಾ ನಗು ತಡೆದುಕೊಂಡು ದೂರನ್ನು ಸದ್ಯಕ್ಕೆ ಅರ್ಜಿಯಾಗಿ ದಾಖಲಿಸಿದರು. ಪತ್ರಿಕೆ ಅಚ್ಚಾದದ್ದು ಇಳಕಲ್ ಪೇಟೆಯ ನಜೀರಸಾಬನ ಅಂಗಡಿಯಲ್ಲಿ. ಹನ್ನೆರಡರ ಹೊತ್ತಿಗೆ ಅವರು ಹಣಮಪ್ಪನೊಂದಿಗೆ ಅಲ್ಲಿದ್ದರು. ನಜೀರಸಾಬ ಮೂವತ್ತು ವರ್ಷದಿಂದ ಲಗ್ನಪತ್ರಿಕೆ ಅಚ್ಚು ಹಾಕುವವನು. ಯಾವ ಮನೆತನದವರು ಮೇಲೆ ಯಾವ ದೇವರ ಹೆಸರು ಹಾಕಿಸುತ್ತಾರೆ, ಯಾವ ಮಠದ ಸ್ವಾಮಿಗಳ ಸಾನ್ನಿಧ್ಯ ಬರೆಸುತ್ತಾರೆ ಎನ್ನುವುದು ಅವನಿಗೆ ಬಾಯಿಪಾಠ. ಗಿರಾಕಿ ಬರೆದುಕೊಟ್ಟದ್ದನ್ನಷ್ಟೇ ಹಾಕುತ್ತೇವೆ ಎಂದು ಎದೆ ತಟ್ಟಿ ಹೇಳಿ, ಈರಪ್ಪ ಬರೆದುಕೊಟ್ಟ ಹಾಳೆಯನ್ನು ತೆಗೆದು ಕೊಟ್ಟ. ಅದರಲ್ಲಿ ಮಾಯವ್ವ ಇರಲಿಲ್ಲ. ನಜೀರಸಾಬನ ಕೈ ಎದೆಯಿಂದ ತಲೆಗೆ ಹೋಯಿತು.

ಅಂಗಡಿಯಲ್ಲಿ ಟೈಪು ಮಾಡುವವರು ಇಬ್ಬರು. ಹತ್ತು ವರ್ಷದಿಂದ ಇರುವ ಭುವನೇಶ್ವರಿ ಮತ್ತು ಹೋದ ದೀಪಾವಳಿಗೆ ಸೇರಿದ ಸಂಗಮೇಶ. ಈರಪ್ಪನ ಪತ್ರಿಕೆ ಮಾಡಿದವನು ಸಂಗಮೇಶ. ಅವನನ್ನು ಠಾಣೆಗೆ ಕರೆತಂದು ಕೇಳಿದರೆ, ಆ ಹೆಸರನ್ನು ತಾನು ಟೈಪೇ ಮಾಡಿಲ್ಲ ಎಂದು ಗೋಳೋ ಎಂದ. ಎಲ್ಲ ಆರೋಪಿಗಳೂ ಹೇಳುವುದು ಅದನ್ನೇ, ಹಾಗಾಗಿ ಯಾರೂ ನಂಬಲಿಲ್ಲ.

ಸಂಗಮೇಶನನ್ನು ಉಳಿಸಿದವನು ಹಣಮಪ್ಪ. ಅವನು ಮರುದಿನ ಮುಖ ಸಣ್ಣದು ಮಾಡಿಕೊಂಡು ಒಂದು ಹಳೆಯ ಪತ್ರಿಕೆ ತಂದು ಮೇಜಿನ ಮೇಲಿಟ್ಟ. ಹೋದ ವರ್ಷ ಬೇಸಿಗೆಯಲ್ಲಿ ನಡೆದ ಅವನ ನಾದಿನಿಯ ಮದುವೆಯದು, ನಜೀರಸಾಬನ ಅಂಗಡಿಯದೇ. ಅದರ ಕೊನೆಯಲ್ಲೂ ಮಾಯವ್ವ ಇದ್ದಳು.

"ಆವಾಗ ನೋಡಿರಲಿಲ್ಲೇನು?"

"ನೋಡಿದ್ನಿರಿ. ಬೀಗರ ಕಡಿಯಾಕಿ ಅಂದ್ಕೊಂಡ್ವಿ. ಅವರ ಕಡಿ ಒಂದ್ ಹೆಸರು ಹೆಚ್ಚಿಗಿ ಹಾಕ್ಯಾರಂತ ನಮ್ಮ ಮಾವ ಮನ್ಯಾಗ ಜಗಳಾನೂ ತಗದಿದ್ರು."

ಬೀಗರಿಗೆ ಫೋನು ಮಾಡಿದಾಗ, ಆಕೆ ಹೆಣ್ಣಿನ ಕಡೆಯವಳೆಂದೇ ತಾವು ಸುಮ್ಮನಿದ್ದುದಾಗಿ ಅವರು ಹೇಳಿದರು. ಮಹಾನಂದಾರಿಗೆ ಅಲ್ಲಿಂದ ದಾರಿ ಕಂಡಿತು. ಹಣಮಪ್ಪನೂ ಇನ್ನೊಬ್ಬ ಕಾನ್‌ಸ್ಟೇಬಲ್ ದುರ್ಗಪ್ಪನೂ ಮೋಟರ್‌ಸೈಕಲ್ ಹತ್ತಿ ಆ ಅಂಗಡಿಯ ಪತ್ರಿಕೆಗಳನ್ನು ಹುಡುಕಿಕೊಂಡು ಹೊರಟರು. ಹುನಗುಂದ, ತುಳಸಿಗೇರಿ, ಪಟ್ಟದಕಲ್ಲು, ಎಲ್ಲಿ ಹೋದರೂ ಮಾಯವ್ವ ಇವರಿಗಿಂತ ಮೊದಲೇ ಅಲ್ಲಿಗೆ ಬಂದಿದ್ದಳು. ಗಂಡಿನವರು ಹೆಣ್ಣಿನವರತ್ತ ಬೆರಳು ತೋರಿಸಿದರು, ಹೆಣ್ಣಿನವರು ಗಂಡಿನವರತ್ತ. ನಿಮ್ಮ ಪೈಕಿ ಈಕೆ ಯಾರು ಎಂದು ಬೀಗರನ್ನು ಕೇಳುವುದು ಎಲ್ಲಾದರೂ ಉಂಟೇ! ಅಷ್ಟು ಮಾತಿಗೇ ಮದುವೆಗಳು ಮುರಿದುಬಿದ್ದದ್ದುಂಟು. ಹೀಗೆ ಎಲ್ಲರೂ ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿಕೊಂಡಿದ್ದರಿಂದ ಮಾಯವ್ವ ಜಿಲ್ಲೆಯ ತುಂಬ ಓಡಾಡಿದ್ದಳು. ಬಾಯಿ ಬಿಟ್ಟು ಕೇಳಿದ ಬೀಗ ಬಾಬಣ್ಣ ಒಬ್ಬನೇ.

ಸಂಗಮೇಶ ಕೆಲಸಕ್ಕೆ ಸೇರುವ ಮೊದಲಿನ ಪತ್ರಿಕೆಗಳಲ್ಲೂ ಹೆಸರಿದ್ದ ಮೇಲೆ ಅದು ಅವನ ಕೈವಾಡವಾಗಿರಲು ಸಾಧ್ಯವಿರಲಿಲ್ಲ. ಬುಧವಾರ ಬೆಳಿಗ್ಗೆ ಇಬ್ಬರು ಪಂಚರನ್ನು ಕರೆದುಕೊಂಡು ಮಹಾನಂದಾ ಮತ್ತೆ ಅಂಗಡಿಗೆ ಹೋದರು. ಒಂದು ಪತ್ರಿಕೆಯನ್ನು ಮೊದಲಿನಿಂದ ಮಾಡಿ ತೋರಿಸಲು ಸಂಗಮೇಶನಿಗೆ ಹೇಳಿದರು. ಅವನು ಕಂಪ್ಯೂಟರಿನಲ್ಲಿ ಟೈಪು ಮಾಡುವ ತಂತ್ರಾಂಶ ತೆರೆದ. ಹೊಸ ಫೈಲು ಎಂದು ಒತ್ತಿದಾಗ ಟೆಂಪ್ಲೇಟುಗಳ ಸಾಲು ಬಂತು: ಮದುವೆ, ಗೃಹಪ್ರವೇಶ, ಜವಳ, ಶ್ರದ್ಧಾಂಜಲಿ. ಪ್ರತಿ ಸಲವೂ ಮೇಲಿನಿಂದ ಕೆಳಗಿನವರೆಗೆ ಎಲ್ಲವನ್ನೂ ಟೈಪು ಮಾಡುತ್ತ ಕೂರುವುದು ಬೇಡವೆಂದು ಮಾಡಿಟ್ಟ ಅಚ್ಚುಗಳು ಅವು. ಮದುವೆ ಎಂಬುದನ್ನು ಒತ್ತಿದ ಕೂಡಲೆ ಅರ್ಧ ಪತ್ರಿಕೆ ತಾನಾಗಿ ಮೂಡಿತು. ಬಸವಣ್ಣನವರ ಸ್ಮರಣೆ, ಒಕ್ಕಣೆ, ವಧೂವರರ ಹೆಸರಿಗೆ ಚುಕ್ಕಿ ಚುಕ್ಕಿ, ಬಂಧುಗಳ ಹೆಸರಿಗೆ ಮತ್ತಷ್ಟು ಚುಕ್ಕಿ. ಆ ಚುಕ್ಕಿಗಳ ಕೆಳಗೆ, 'ಹಾಗೂ ಸಮಸ್ತ ಬಂಧುಬಳಗದವರು' ಎಂಬ ಸಾಲಿನ ಮೇಲೆ, ಮಾಯವ್ವ ಕೂತಿದ್ದಳು.

"ಇದನ್ಯಾಕ ಅಳಸಲಿಲ್ಲ?" ಎಂದರು ಮಹಾನಂದಾ.

"ಚುಕ್ಕಿ ಇದ್ದಲ್ಲಷ್ಟ ತುಂಬು ಅಂತ ಹೇಳ್ಯಾರ್ರಿ. ಉಳಿದದ್ದು ಮುಟ್ಟಂಗಿಲ್ಲ. ಇದು ಸಾಹೇಬ್ರು ನಡ್ಕೊಳ್ಳೋ ಯಾವ್ದೋ ದೇವಿ ಇರಬೇಕು ಅಂದ್ಕೊಂಡಿದ್ನಿರಿ."

ನಜೀರಸಾಬ ಅವನನ್ನು ದುರುಗುಟ್ಟಿ ನೋಡಿದ. ಪಂಚರು ಗೋಡೆಯತ್ತ ತಿರುಗಿ ನಕ್ಕರು. ಪಂಚನಾಮೆ ಬರೆಯುತ್ತಿದ್ದ ದುರ್ಗಪ್ಪ ಈ ಮಾತನ್ನು ಸೇರಿಸಬೇಕೋ ಬೇಡವೋ ಎಂದು ಕೇಳಿದ, ಬೇಡ ಎಂದರು ಮಹಾನಂದಾ.

ಟೆಂಪ್ಲೇಟನ್ನು ಕೊನೆಯ ಸಲ ತಿದ್ದಿದ ದಿನ ಎರಡು ವರ್ಷದ ಹಿಂದಿನ ಒಂದು ಶ್ರಾವಣದ ಶುಕ್ರವಾರ. ತಿದ್ದಿದ್ದು ಭುವನೇಶ್ವರಿಯ ಲಾಗಿನ್‌ನಿಂದ. ನಜೀರಸಾಬನ ತಕರಾರಿನ ಮೇಲೆ, ಅನುಮತಿಯಿಲ್ಲದೆ ಕಂಪ್ಯೂಟರಿನ ಕಡತ ತಿದ್ದಿದ ಆರೋಪಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಮೂರು ಗಂಟೆಗೆ ಭುವನೇಶ್ವರಿಯ ದಸ್ತಗಿರಿ. ಅವಳು ಒಂದನ್ನೂ ಮುಚ್ಚಿಡಲಿಲ್ಲ.

ನೇಕಾರರ ಮನೆಯ ಹುಡುಗಿ ಅವಳು. ತಾಯಿ ತೀರಿಕೊಂಡಾಗ ಅವಳಿಗೆ ನಾಲ್ಕು ವರ್ಷ, ತಮ್ಮನಿಗೆ ಒಂದು. ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಸೋದರತ್ತೆ ಮಾಯವ್ವ ಹಗಲೆಲ್ಲ ನೂಲು ಸುತ್ತಿ ಇಬ್ಬರನ್ನೂ ಸಾಕಿದಳು. ತಮ್ಮನ ಮದುವೆಯ ಪತ್ರಿಕೆಯನ್ನು ಭುವನೇಶ್ವರಿಯೇ ಟೈಪು ಮಾಡಿದಳು. ಅಪ್ಪ ಕೊಟ್ಟ ಹೆಸರುಗಳಲ್ಲಿ ದೂರದೂರದ ನೆಂಟರೆಲ್ಲ ಇದ್ದರು, ಅತ್ತೆ ಇರಲಿಲ್ಲ. ಕೇಳಿದ್ದಕ್ಕೆ, ವಿಧವೆಯ ಹೆಸರು ಶುಭಪತ್ರಿಕೆಯಲ್ಲಿ ಹಾಕಬಾರದು ಎಂದು ಅಪ್ಪ ಹೇಳಿದ.

"ನಮ್ಮ ಮನಿ ಪತ್ರಿಕ್ಯಾಗ ಬ್ಯಾಡ ಅಂದ್ರು," ಎಂದಳು ಭುವನೇಶ್ವರಿ. "ಹಂಗಾದ್ರ ಎಲ್ಲಾರ ಮನಿ ಪತ್ರಿಕ್ಯಾಗೂ ಇರಲಿ ಅಂತ ಹಾಕಿದ್ನಿರಿ."

ಮಹಾನಂದಾ ಅವಳಿಗೂ ನೀರು ಕೊಡಿಸಿದರು. ಮೊಕದ್ದಮೆ ಮೊಕದ್ದಮೆಯೇ, ಬರೆಯುವುದನ್ನೆಲ್ಲ ಬರೆದರು. ಜಾಮೀನು ಸಿಗುವ ಅಪರಾಧವಾದ್ದರಿಂದ ಜಾಮೀನುದಾರರು ಬಂದರೆ ಠಾಣೆಯಲ್ಲೇ ಬಿಡಬಹುದಿತ್ತು. ಸುದ್ದಿ ತಿಳಿದ ಮಾಯವ್ವ ಕೆಲಸ ಬಿಟ್ಟು, ಸೆರಗಿಗೆ ಅಂಟಿದ ನೂಲಿನ ಎಳೆಗಳ ಸಮೇತ ಓಡಿಬಂದಳು. ಈರಪ್ಪ, ಸಿದ್ದಲಿಂಗವ್ವ, ಬಾದಾಮಿಯಿಂದ ಕರೆಸಿದ ಬಾಬಣ್ಣ ಆಗಲೇ ಅಲ್ಲಿದ್ದರು. ತನ್ನ ಹೆಸರು ಊರೂರಿನ ಮದುವೆಗಳಲ್ಲಿ ಅಚ್ಚಾಗಿದೆ ಎಂಬುದು ಓದಲು ಬಾರದ ಮಾಯವ್ವನಿಗೆ ಗೊತ್ತಾದದ್ದೇ ಆಗ. ಅವಳು ಸಂತೋಷಪಡಲಿಲ್ಲ, ಎರಡೂ ಕೈ ಜೋಡಿಸಿದಳು.

"ಆ ಜೋಡಿಗೋಳು ಎಲ್ಲಾ ಛಲೋ ಅದಾವೇನ್ರಿ?" ಎಂದು ಕೇಳಿದಳು.

ಹಣಮಪ್ಪ ಮುಂದೆ ಬಂದು, ಒಂದೊಂದು ಮನೆಗೂ ತಾನೇ ಹೋಗಿ ಹೇಳಿಕೆ ಪಡೆದು ಬಂದದ್ದಾಗಿ ತಿಳಿಸಿದ. ಎಲ್ಲರೂ ಚೆನ್ನಾಗಿದ್ದಾರೆ, ತುಳಸಿಗೇರಿಯವರಿಗೆ ಅವಳಿ ಮಕ್ಕಳಾಗಿವೆ, ತನ್ನ ನಾದಿನಿಯಂತೂ ಗಂಡನನ್ನು ಬೆರಳ ತುದಿಯಲ್ಲಿ ಕುಣಿಸುತ್ತಿದ್ದಾಳೆ ಎಂದ. ಮಾಯವ್ವ ಬೆಂಚಿನ ಮೇಲೆ ಕುಸಿದು ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಎದೆಯ ಭಾರ ಇಳಿಸುವ ಅಳು ಅದು.

ಬಾಬಣ್ಣನ ಅನುಮಾನ ಹೋಯಿತು, ಮದುವೆ ಉಳಿಯಿತು. ಈರಪ್ಪನೂ ನಜೀರಸಾಬನೂ ರಾಜಿಗೆ ಒಪ್ಪಿದರು. ಆ ಹೆಸರು ತೆಗೆದು ಬೇರೆ ಪತ್ರಿಕೆ ಮಾಡಿಸಿಬಿಡಿ ಎಂದು ಬಾಬಣ್ಣ ಸಲಹೆ ಕೊಟ್ಟ. ಈರಪ್ಪ ತಲೆಯಾಡಿಸುವಷ್ಟರಲ್ಲಿ, ಸಿದ್ದಲಿಂಗವ್ವ ಎದ್ದು ನಿಂತಳು.

"ಪತ್ರಿಕಿ ಊರಿಗೆಲ್ಲಾ ಕೊಟ್ಟೇವಿ. ಅಕಿ ಹೆಸರು ಕರಿಯೋರ ಪೈಕಿ ಐತಿ," ಎಂದಳು. "ಕರದಾಕಿ ಬಂದು ಬಾಗಲದಾಗ ನಿಂದರಬೇಕು. ಯವ್ವಾ, ನೀ ಬರ್ತೀದಿ."

ಮದುವೆಯ ದಿನ ಬೆಳಿಗ್ಗೆ ಮಾಯವ್ವ ಗುಡೂರಿನ ಕಲ್ಯಾಣಮಂಟಪದ ಬಾಗಿಲ ಮರೆಯಲ್ಲಿ ಅಂಜುತ್ತ ನಿಂತಿದ್ದಳು. ಭುವನೇಶ್ವರಿ ಅವಳ ರಟ್ಟೆ ಹಿಡಿದು ಮುಂದಕ್ಕೆ ತಂದು ನಿಲ್ಲಿಸಿದಳು. ಮಧ್ಯಾಹ್ನದ ಹೊತ್ತಿಗೆ, ಬರ್ರಿ ಬರ್ರಿ ಎಂದು ಕರೆದೂ ಕರೆದೂ ಮಾಯವ್ವನ ಗಂಟಲು ಕಟ್ಟಿತ್ತು.