ಯಾರ ಎಡ?

"ಅದು ನನ್ನ ಅಣ್ಣನಾ?"

ಬಾಗಿಲಲ್ಲೇ ನಿಂತು ಕೇಳಿದವನ ಕಣ್ಣು ಮೇಜಿನ ಮೇಲಿರಲಿಲ್ಲ, ಅವಳ ಮುಖದ ಮೇಲಿತ್ತು. ಉತ್ತರ ಅಲ್ಲೇ ಎಲ್ಲೋ ಬರೆದಿದೆ ಎಂಬಂತೆ.

ಮೇಜಿನ ಮೇಲೆ, ಮಲಗಿದ ಮನುಷ್ಯನ ಕ್ರಮದಲ್ಲೇ ಜೋಡಿಸಿದ ಮೂಳೆಗಳು. ನದಿಯ ದಂಡೆಯಲ್ಲಿ ಸಿಕ್ಕವು. ಮಗುವಿಗೆ ಹೊದಿಸುವಷ್ಟು ಮೆಲ್ಲಗೆ ಅವಳು ಬಿಳಿಯ ಬಟ್ಟೆ ಎಳೆದಳು.

"ಕೂತ್ಕೊಳ್ಳಿ. ಮೊದಲು ಅವರ ಬಗ್ಗೆ ಹೇಳಿ."

"ಸಂಜೆಗೆ ಬರ್ತೀನಿ ಅಂತ ಅಮ್ಮಂಗೆ ಹೇಳಿ ಹೋದವನು. ವರ್ಷಗಳೇ ಆದವು, ಅಮ್ಮ ಇನ್ನೂ ರಾತ್ರಿ ಬಾಗಿಲಿಗೆ ಅಗುಳಿ ಹಾಕಲ್ಲ..." ಅವನು ಕುರ್ಚಿ ಎಳೆದು ಕೂತ. "ಚಿಕ್ಕವನಿದ್ದಾಗ ಮರದಿಂದ ಬಿದ್ದು ಕತ್ತಿನ ಕೆಳಗಿನ ಮೂಳೆ ಮುರ್ಕೊಂಡಿದ್ದ. ಎಡಗಡೆ. ಗಂಟು ಹಾಗೇ ಉಳೀತು. ನಂದು ಫೋಟೋ ಸ್ಟುಡಿಯೋ, ಡಾಕ್ಟ್ರೇ. ಆ ಗಂಟು ಕಾಣಬಾರದು ಅಂತ ಪ್ರತಿ ಸಲ ನಾನೇ ಅವನ ಕಾಲರ್ ಸರಿಮಾಡ್ತಿದ್ದೆ."

"ನಾನು ಡಾಕ್ಟರ್ ಅಲ್ಲ. ಎಂ.ಎಸ್ಸಿ. ಎರಡನೇ ವರ್ಷ."

ಮೂಳೆಗಳಿಂದ ಸತ್ತವರ ಗುರುತನ್ನು ಮರಳಿ ಪಡೆಯುವ ವಿದ್ಯೆ ಅವಳದು. ಬಟ್ಟೆಯ ಕೆಳಗಿನ ಮೂಳೆಯಲ್ಲಿಯೂ ಗಂಟಿತ್ತು... ಆದರೆ ಬಲಗಡೆ. ಅವಳ ಗುರುಗಳಾದ ಮೇಡಂ ಪರೀಕ್ಷಿಸಿ, ತಲೆಯಾಡಿಸಿ, ಸಹಿ ಹಾಕಿದರು. ವರದಿ: ಇವರು ಅವನ ಅಣ್ಣನಲ್ಲ. ಕಡೆಯೇ ಬೇರೆಯಾದ್ದರಿಂದ ರಕ್ತಪರೀಕ್ಷೆ ಬೇಕೆನಿಸಲಿಲ್ಲ.

"ಹಾಗಾದ್ರೆ ಅಣ್ಣ ಬದುಕಿದ್ದಾನೆ" ಎಂದ ಅವನು. ಅಷ್ಟನ್ನು ತಾವು ಹೇಳಿಲ್ಲವೆಂದು ತಿದ್ದಲು ಅವಳಿಗೆ ಮನಸ್ಸಾಗಲಿಲ್ಲ.

ಅವಳ ಪ್ರಬಂಧಕ್ಕೆ ಮೂಳೆಗಳ ಚಿತ್ರ ತೆಗೆದುಕೊಡುವ ನೆಪದಲ್ಲಿ ಅವನು ಬರತೊಡಗಿದ. ಬೆಳಕು ಎಲ್ಲಿಂದ ಬಿದ್ದರೆ ಮೂಳೆ ಮಾತಾಡುತ್ತದೆ ಎಂಬುದನ್ನು ಇಬ್ಬರೂ ಒಟ್ಟಿಗೆ ಕಲಿತರು. "ಸತ್ತವರನ್ನೇ ನೋಡ್ತಾ ಕೂತ್ರೆ ಗಂಡು ಎಲ್ಲಿಂದ ಸಿಗ್ತಾನೆ?" ಎಂದು ಹಂಗಿಸುತ್ತಿದ್ದ ಸೋದರತ್ತೆ, ಅವಳು ಕನ್ನಡಿಯ ಮುಂದೆ ತಡಮಾಡುವುದನ್ನು ಕಂಡು ಮಾತು ನಿಲ್ಲಿಸಿದರು.

ಗುರುತು ಪತ್ತೆ ವಿಭಾಗದ ಕೆಲಸಕ್ಕೆ ಮೇಡಂ ಅವಳ ಹೆಸರು ಸೂಚಿಸಿದಾಗ, ಅರ್ಜಿಗೆ ಬೇಕಾದ ಫೋಟೋಗೆ ಅವಳು ಅವನ ಸ್ಟುಡಿಯೋಗೇ ಹೋದಳು.

"ಎಡ ಹೆಗಲು ಸ್ವಲ್ಪ ಇಳಿಸಿ."

ಇಳಿಸಿದಳು.

ಅವನು ನಕ್ಕ. "ಆ ಎಡ ಅಲ್ಲ. ಫೋಟೋದವರಿಗೆ ಚಿತ್ರದ ಎಡವೇ ಎಡ." ಎದುರಿಗೆ ಬಂದು ಅವಳ ಕಾಲರ್ ನೇರಮಾಡಿದ.

ಅವಳ ಉಸಿರು ನಿಂತಿತು. ಸ್ಪರ್ಶದಿಂದಲ್ಲ.

"ಅಣ್ಣನ ಕಾಲರ್ ಕೂಡ... ಹೀಗೇ ಎದುರು ನಿಂತು ಸರಿಮಾಡ್ತಿದ್ರಾ? ಇದೇ ಕಡೆ?"

"ಹೂಂ. ಇದೇ ಎಡಗಡೆ."

ಅವನ ಬೆರಳಿದ್ದದ್ದು ಅವಳ ಬಲಗಡೆ.

ಹೇಳದಿದ್ದರೆ? ಈ ಬೆರಳುಗಳು ಇಲ್ಲೇ ಉಳಿಯುತ್ತವೆ... ಆದರೆ ಕಪಾಟಿನ ಪೆಟ್ಟಿಗೆಯಲ್ಲಿ ಒಬ್ಬ ಮಗ ಹೆಸರಿಲ್ಲದೆ ಮಲಗಿರುತ್ತಾನೆ. ಬಾಗಿಲಿಗೆ ಅಗುಳಿ ಹಾಕದೆ ಅವನ ತಾಯಿ ಕಾಯುತ್ತಲೇ ಇರುತ್ತಾರೆ.

"ನಮ್ಮ ಓದಲ್ಲಿ ಎಡ ಅಂದ್ರೆ ಸತ್ತವರ ಎಡ" ಎಂದಳು. "ಅವತ್ತು ನೀವು ಎಡ ಅಂದಾಗ, ಯಾರ ಎಡ ಅಂತ ನಾನು ಕೇಳಲೇ ಇಲ್ಲ."

ಅವನು ತನ್ನ ಬೆರಳನ್ನೂ ಅವಳ ಹೆಗಲನ್ನೂ ನೋಡಿದ. ಕ್ಯಾಮೆರಾದ ಕಣ್ಣಿಗೆ ಮುಚ್ಚಳ ಹಾಕಿದ.

"ಅಮ್ಮಂಗೆ ಬದುಕಿದ್ದಾನೆ ಅಂದ್ಬಿಟ್ಟಿದ್ದೀನಿ. ಒಂದು ಮಾತು ಕೇಳೋಕಾಗ್ಲಿಲ್ವಾ ನಿಮಗೆ?... ಹೋಗಿ."

ಮೇಡಂ ತರಿಸಿದ, ಅವನ ತಾಯಿಯ ರಕ್ತದ ಮಾದರಿ ಆ ಮೂಳೆಗಳೊಂದಿಗೆ ಹೊಂದಿತು. ಅವನಿಂದ ಒಂದು ಮಾತೂ ಬರಲಿಲ್ಲ.

"ಈ ಕೆಲಸಕ್ಕೆ ನಾನು ಯೋಗ್ಯಳಲ್ಲ, ಮೇಡಂ."

"ಸಹಿ ನಂದೂ ಇತ್ತಲ್ಲ. ತಪ್ಪನ್ನ ಎತ್ತಿ ತೋರಿಸಿದವಳು ನೀನೇ. ಇನ್ನು ಆ ಪ್ರಶ್ನೆ ನೀನು ಮರೆಯಲ್ಲ. ಅಳೋದಿದ್ರೆ ಅತ್ತು ಬಾ. ಅರ್ಜಿ ಮಾತ್ರ ಕಳಿಸು."

"ಫೋಟೋ ಇಲ್ಲ."

"ಊರಲ್ಲಿ ಬೇರೆ ಸ್ಟುಡಿಯೋ ಇಲ್ವಾ?"

ಅವಳು ಅರ್ಜಿಯನ್ನು ಮಡಚಿ ಪುಸ್ತಕದೊಳಗೆ ಇಟ್ಟಳು. ಮೇಡಂ ಮತ್ತೆ ಕೇಳಲಿಲ್ಲ.

ಮೂಳೆಗಳನ್ನು ಒಪ್ಪಿಸುವ ದಿನ ಅವನು ತಾಯಿಯೊಂದಿಗೆ ಬಂದ.

"ಮುಟ್ಟಬಹುದಾ, ಮಗಳೇ?"

ಅವಳು ಆ ಮುದಿ ಬೆರಳನ್ನು ಗಂಟಿನ ಮೇಲೆ ಇರಿಸಿದಳು.

"ಇಲ್ಲೇ... ಎಣ್ಣೆ ಹಚ್ತಿದ್ದೆ." ತಾಯಿ ಬಹಳ ಹೊತ್ತು ಕೈ ತೆಗೆಯಲಿಲ್ಲ. "ಇವತ್ತು ಬಾಗಿಲು ಹಾಕ್ಕೊಂಡು ಮಲಗ್ತೀನಿ."

ಮೇಡಂ ತಾಯಿಯನ್ನು ಹೊರಗಿನ ಕುರ್ಚಿಗೆ ಕರೆದೊಯ್ದರು. ಮೇಜಿನ ಆಚೆ ಅವನು, ಈಚೆ ಅವಳು.

"ಕೋಪ ಹೋಯ್ತಾ?"

"ಪೂರ್ತಿ ಹೋಗಿಲ್ಲ. ಇದ್ದಷ್ಟನ್ನ ಇಟ್ಕೊಂಡೇ ಬಂದೆ. ನೀವು ಹೇಳದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ನನಗೆ ಗೊತ್ತಿರ್ತಿತ್ತು."

"ಅದಕ್ಕೇ ನಿಮ್ಮನ್ನ ಬಿಟ್ಟಿರೋಕೆ ಆಗ್ತಿಲ್ಲ, ಡಾಕ್ಟ್ರೇ."

"ಡಾಕ್ಟರ್ ಅಲ್ಲ ನಾನು" ಎನ್ನುವಾಗ ಅವಳ ದನಿ ಒಡೆಯಿತು. "ಅರ್ಜಿಗೆ ಇನ್ನೂ ಫೋಟೋ ಇಲ್ಲ."

"ನಾಳೆ ಬನ್ನಿ. ಎಡ ಹೆಗಲು ಸ್ವಲ್ಪ ಇಳಿಸಬೇಕು."

"ಯಾರ ಎಡ?"

ಅವನು ಮೇಜನ್ನು ಬಳಸಿ ಬಂದು ಅವಳ ಪಕ್ಕದಲ್ಲಿ, ಅವಳು ನೋಡುತ್ತಿದ್ದ ಕಡೆಗೇ ಮುಖಮಾಡಿ ನಿಂತ.

"ಹೀಗೆ ನಿಂತ್ರೆ ಇಬ್ಬರದ್ದೂ ಒಂದೇ."