ಸಾತವ್ವನ ಉಪ್ಪಿನ ತುತ್ತು

ಬಹಳ ಹಿಂದೆ, ಮೊಸಳೆಗೂ ಜೇನಿಗೂ ಮನುಷ್ಯರ ಮಾತು ಬರುತ್ತಿದ್ದ ಕಾಲದಲ್ಲಿ, ಏಳುಮಡು ಎಂಬ ರಾಜ್ಯವಿತ್ತು. ಅದರ ನಟ್ಟನಡುವೆ ನೊರೆಹೊಳೆ ಹರಿಯುತ್ತಿತ್ತು. ಹೊಳೆಗೆ ಸೇತುವೆ ಇರಲಿಲ್ಲ, ಇದ್ದದ್ದು ಸಾತವ್ವನ ದೋಣಿ ಒಂದೇ. ಆ ದೋಣಿ ಹುಟ್ಟು ಹಾಕದೆ ತಾನೇ ಚಲಿಸುತ್ತಿತ್ತು. ಎಂಥ ನೆರೆ ಬಂದರೂ ಮಗುಚುತ್ತಿರಲಿಲ್ಲ. ಕೂಲಿ ಕೊಟ್ಟವರನ್ನೂ ಸಾತವ್ವ ದಾಟಿಸುತ್ತಿದ್ದಳು, ಕೊಡಲಾರದವರನ್ನೂ ದಾಟಿಸುತ್ತಿದ್ದಳು.

ಒಂದು ಬೆಳಿಗ್ಗೆ ಅವಳಿಗೆ ದೋಣಿಯಲ್ಲೇ ಒಂದು ಹೆಣ್ಣುಕೂಸು ಸಿಕ್ಕಿತ್ತು. ಯಾರು ಬಿಟ್ಟರೋ, ಯಾಕೆ ಬಿಟ್ಟರೋ. ಸಾತವ್ವ ಅದಕ್ಕೆ ನೀಲಾಜಿ ಎಂದು ಹೆಸರಿಟ್ಟು ಎದೆಗವಚಿ ಸಾಕಿದಳು. ನೀಲಾಜಿ ಬೆಳೆದು ದೊಡ್ಡವಳಾದ ಮೇಲೂ ಆ ಋಣವನ್ನು ಒಂದು ದಿನವೂ ಮರೆತವಳಲ್ಲ.

ಆ ರಾಜ್ಯದಲ್ಲಿ ಒಂದು ಪದ್ಧತಿಯಿತ್ತು. ಸಾಯುವವರು ಒಬ್ಬ ನಂಬಿಗಸ್ತನನ್ನು ಕರೆಸಿ, ಉಪ್ಪು ಕಲಸಿದ ಅನ್ನದ ಒಂದು ತುತ್ತನ್ನು ತಮ್ಮ ಕೈಯಾರೆ ಉಣ್ಣಿಸಿ, ಯಾರಿಗೆ ಏನು ಸೇರಬೇಕೆಂದು ಅವನಿಗೆ ಮಾತ್ರ ಹೇಳುತ್ತಿದ್ದರು. ಹನ್ನೆರಡನೆಯ ದಿನ ಅವನು ಅವರವರ ಪಾಲನ್ನು ಅವರವರಿಗೆ ಮುಟ್ಟಿಸಬೇಕು. ತುತ್ತು ಉಂಡು ಸುಳ್ಳಾಡಿದರೆ ನಾಲಿಗೆ ಉಪ್ಪಿನ ಹರಳಾಗಿ ಉದುರುತ್ತಿತ್ತು.

ಸಾತವ್ವ ಹಾಸಿಗೆ ಹಿಡಿದಾಗ ಮಂತ್ರವಾದಿ ಕೌಲಯ್ಯನನ್ನು ಕರೆಯಿರಿ ಎಂದಳು. ಊರವರು ಬೆಚ್ಚಿದರು.

"ಬ್ಯಾಡ ಸಾತವ್ವ, ಅವನು ನಂಬಿಗಸ್ತನಾದ ಮನೇಲಿ ಗುಡಿಸಲು ಪೊರಕೇನೂ ಉಳಿದಿಲ್ಲ."

"ನಂಗೆ ಅವನೇ ಬೇಕು," ಎಂದಳು ಸಾತವ್ವ. ಯಾಕೆಂದು ಹೇಳಲಿಲ್ಲ.

ನೀಲಾಜಿ ಮಡಕೆಯ ತಳದಲ್ಲಿದ್ದ ಕಡೆಯ ಹಿಡಿ ಕೆಂಪಕ್ಕಿಯನ್ನು ಬೇಯಿಸಿ, ಉಪ್ಪು ಕಲಸಿ ಕೊಟ್ಟಳು. ಕೌಲಯ್ಯ ತನ್ನ ಹೋತನ ಮೇಲೆ ಕೂತು ಗಾಳಿಯಲ್ಲಿ ತೇಲಿ ಬಂದ. ಹೋತವೂ ಅವನ ಹಿಂದೆಯೇ ಒಳಗೆ ಹೋಗಿ ಮಂಚದ ಬಳಿ ಮಲಗಿತು. ಉಳಿದವರು ಹೊರಗಿರಬೇಕೆಂಬುದು ಪದ್ಧತಿ. ನೀಲಾಜಿ ಹೊಸ್ತಿಲಾಚೆ ನಿಂತು ಅತ್ತಳು.

ಸಾತವ್ವ ಕಣ್ಣು ಮುಚ್ಚಿದಳು. ಹನ್ನೆರಡನೆಯ ದಿನ ನೀಲಾಜಿ ನೋಡಿದರೆ, ದೋಣಿ ಕೌಲಯ್ಯನ ಅಂಗಳದಲ್ಲಿ ಮಾಯದ ಸರಪಳಿ ಸುತ್ತಿಕೊಂಡು ಒಣಗುತ್ತಿತ್ತು. ಹೊಳೆಯ ಎರಡೂ ದಡದಲ್ಲಿ ಜನ ಕಂಗಾಲಾಗಿ ನಿಂತಿದ್ದರು. ಆಚೆ ದಡದ ಬಸುರಿಗೆ ಈಚೆ ದಡದ ಸೂಲಗಿತ್ತಿ ಸಿಗದಂತಾಗಿತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು?

"ಸ್ವಾಮೀ, ಅವ್ವನ ದೋಣಿ ಕೊಡಿ," ಎಂದಳು ನೀಲಾಜಿ.

"ಕೊಡಲ್ಲ ಅಂದೆನೇನವ್ವಾ?" ಎಂದು ಕೌಲಯ್ಯ ಬೆಣ್ಣೆಯಂತೆ ನಕ್ಕ. "ಆದರೆ ದೋಣಿ ಆಳೋಳಿಗೆ ಧೈರ್ಯ ಇರಬೇಕು. ಸುಳಿಮಡುವಿನ ತಳದಿಂದ ಒಂದು ಮುತ್ತು ತಗೊಂಡು ಬಾ, ನೋಡೋಣ."

ನೀಲಾಜಿ ಸುಳಿಮಡುವಿಗೆ ಹೋದಳು. ನೀರು ಗಿರಗಿರನೆ ತಿರುಗುತ್ತಿತ್ತು. ಅವಳು ಕಾಲಿಡುವಷ್ಟರಲ್ಲಿ ಮುದಿ ಮೊಸಳೆಯೊಂದು ತಲೆಯೆತ್ತಿತು.

"ನೀನು ಸಾತವ್ವನ ಮಗಳಲ್ವಾ? ನೆರೆ ಬಂದ ವರ್ಷ ನಿಮ್ಮವ್ವ ನನ್ನ ಮೊಟ್ಟೆಗಳನ್ನೆಲ್ಲ ದೋಣೀಲಿ ಹಾಕ್ಕೊಂಡು ದಡ ಮುಟ್ಟಿಸಿದ್ಳು. ಕೂಲಿ ಕೇಳಲಿಲ್ಲ. ದಡದಲ್ಲೇ ಕೂತಿರು ಮಗಾ."

ಮೊಸಳೆ ಮುಳುಗಿ, ಮುತ್ತು ಕಚ್ಚಿಕೊಂಡು ಎದ್ದಿತು. ನೀಲಾಜಿ ಅದರ ಒರಟು ಮೂತಿಗೆ ಹಣೆ ಹಚ್ಚಿ ಕೈಮುಗಿದಳು.

"ಸ್ವಾಮೀ, ಅವ್ವನ ದೋಣಿ ಕೊಡಿ."

"ಕೊಡಲ್ಲ ಅಂದೆನೇನವ್ವಾ?" ಎಂದ ಕೌಲಯ್ಯ ಮುತ್ತನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ. "ಧೈರ್ಯವೇನೋ ಇದೆ. ತಾಳ್ಮೆ ಬೇಡವಾ? ಹೆಬ್ಬಂಡೆಯ ಹೆಜ್ಜೇನು ತಗೊಂಡು ಬಾ."

ಹೆಬ್ಬಂಡೆಯ ಹೆಜ್ಜೇನು ಆನೆಯನ್ನೂ ಅಟ್ಟಿಸಿಕೊಂಡು ಹೋಗುವಂಥದ್ದು. ನೀಲಾಜಿ ಬಂಡೆಯ ಬುಡದಲ್ಲಿ ನಿಂತು ಅವ್ವನ ಹೆಸರು ಹೇಳಿದಳು. ಹುಳುಗಳ ಗುಂಯ್‌ಗುಡುವಿಕೆ ತಟ್ಟನೆ ನಿಂತಿತು.

"ಕಾಡಿಗೆ ಕಿಚ್ಚು ಬಿದ್ದಾಗ ನಮ್ಮ ರಾಣಿ ಆ ದೋಣಿಯ ಅಂಚಿನ ಮೇಲೆ ಕೂತು ಈಚೆಗೆ ಬಂದ್ಳು," ಎಂದವು ಜೇನುಗಳು. "ಸಾತವ್ವ ಕೈ ಬೀಸಿ ಓಡಿಸಲಿಲ್ಲ. ಹಿಡಿ, ಒಂದು ಇಡೀ ಜೇನುಹುಟ್ಟು ನಿಂದೇ."

ದಾರಿಯುದ್ದಕ್ಕೂ ನೀಲಾಜಿಯ ಕಣ್ಣು ತುಂಬಿ ಬರುತ್ತಿತ್ತು. ಅವ್ವಾ, ನಂಗೆ ಗೊತ್ತಿಲ್ಲದೆ ಎಷ್ಟು ಜನರ ಬಳಿ ಎಷ್ಟು ಬಿಟ್ಟು ಹೋಗಿದೀಯೇ, ಎಂದುಕೊಂಡಳು. ಕೌಲಯ್ಯ ಜೇನನ್ನು ಗಡ್ಡಕ್ಕೆಲ್ಲ ಮೆತ್ತಿಕೊಂಡು ತಿಂದು, ಬೆರಳು ನೆಕ್ಕಿ, ಮೂರನೆಯದನ್ನು ಹೇಳಿದ.

"ನೀನು ಅವಳ ಹೊಟ್ಟೇಲಿ ಹುಟ್ಟಿದೋಳಲ್ಲ. ಮಗಳು ಅನ್ನೋದಕ್ಕೆ ಸತ್ತವಳ ಬಾಯಿಂದಲೇ ಸಾಕ್ಷಿ ತಗೊಂಡು ಬಾ."

ಸತ್ತವರ ಮಾತನ್ನು ಯಾವ ಮಡುವಿನಿಂದ ತರುವುದು? ನೀಲಾಜಿ ನೇರ ಅರಸಿಯ ಓಲಗಕ್ಕೆ ಹೋದಳು. ಅರಸಿ ಕೌಲಯ್ಯನನ್ನು ಕರೆಸಿದಳು. ಊರಿಗೆ ಊರೇ ಬಂದು ನೆರೆಯಿತು.

"ದೋಣಿ ನನಗೇ ಅಂತ ಸಾತವ್ವ ಹೇಳಿದಾಳೆ," ಎಂದ ಕೌಲಯ್ಯ, ಎದೆ ಸೆಟೆಸಿ.

ಎಲ್ಲರೂ ಅವನ ಬಾಯಿಯನ್ನೇ ನೋಡಿದರು. ಅವನು ನಾಲಿಗೆಯನ್ನು ಉದ್ದಕ್ಕೆ ಚಾಚಿ ತೋರಿಸಿದ. ಕೆಂಪಗೆ, ಒದ್ದೆಯಾಗಿ, ಚೆನ್ನಾಗಿಯೇ ಇತ್ತು.

ಅರಸಿ ನಿಟ್ಟುಸಿರಿಟ್ಟಳು. "ನಾಲಿಗೆ ಹರಳಾಗಲಿಲ್ಲ ಮಗಳೇ. ಹಾಗಾದರೆ ಅವನು ಹೇಳಿದ್ದು ನಿಜ."

ನೀಲಾಜಿ ತಲೆ ತಗ್ಗಿಸಿದಳು. ತಗ್ಗಿಸಿದ ಕಣ್ಣಿಗೆ ಕೌಲಯ್ಯನ ಹೋತ ಕಂಡಿತು. ಸಿಕ್ಕಿದ್ದನ್ನೆಲ್ಲ ಮೇಯುವ ಪ್ರಾಣಿ, ಈಗ ಪಕ್ಕೆಲುಬು ಎಣಿಸುವಷ್ಟು ಸೊರಗಿತ್ತು. ಅದರ ಗಡ್ಡದಲ್ಲಿ ಒಂದು ಅನ್ನದ ಅಗುಳು ಒಣಗಿ ಅಂಟಿತ್ತು. ಕೆಂಪಕ್ಕಿಯ ಅಗುಳು.

ಅವಳು ಹೋತನ ಮುಂದೆ ಮಂಡಿಯೂರಿ ಕೂತಳು.

"ಅಣ್ಣಾ, ನಮ್ಮವ್ವನ ತುತ್ತು ಉಂಡೋನು ನೀನಾ?"

ಹೋತ ಒಡೆಯನನ್ನು ನೋಡಿತು, ಅವಳನ್ನು ನೋಡಿತು. ಕೊನೆಗೆ ಬಾಯಿಬಿಟ್ಟಿತು.

"ಹೂಂ ತಾಯಿ, ನಾನೇ. ಇವನು ತುತ್ತನ್ನ ನುಂಗದೆ ಅಂಗೈಗೆ ಉಗಿದು ಮುಚ್ಚಿಟ್ಟುಕೊಂಡು, ಬಗ್ಗಿ ನನ್ನ ಬಾಯಿಗೆ ತುರುಕಿದ. ಅವತ್ತಿಂದ ಆ ಮಾತು ಹೊಟ್ಟೇಲಿ ಉರುಳಾಡ್ತಿದೆ, ಮೇವು ಸೇರ್ತಿಲ್ಲ. ಆದರೆ ಹೋತನ್ನ ಯಾರು ಕೇಳ್ತಾರೆ?"

"ನಾನು ಕೇಳ್ತಿದೀನಿ," ಎಂದಳು ಅರಸಿ. "ತುತ್ತು ಉಂಡವನೇ ನಂಬಿಗಸ್ತ. ಹೇಳಪ್ಪ."

ಹೋತ ಕಣ್ಣು ಮುಚ್ಚಿ, ಸಾತವ್ವ ಹೇಳಿದ್ದನ್ನು ಹಾಗೆಯೇ ಹೇಳಿತು.

"'ದೋಣಿ ನನ್ನ ಮಗಳು ನೀಲಾಜಿಗೆ. ಅವಳು ಬಂದ ಮೇಲೆಯೇ ನನ್ನ ಮನೆ ಮನೆಯಾಗಿದ್ದು. ಇನ್ನೊಂದಿದೆ. ಒಲೆ ಹಿಂದಿನ ಗೂಡಿನಲ್ಲಿ ಒಂದು ಪುಟ್ಟ ಬೆಳ್ಳಿ ಕಾಲ್ಗಡಗ ಇದೆ. ಹಿಂದೆ ಒಬ್ಬ ತಾಯಿ ಜ್ವರದ ಕೂಸನ್ನ ಎತ್ತಿಕೊಂಡು ವೈದ್ಯರ ಹತ್ರ ಹೊರಟಿದ್ಳು. ಕೂಲಿ ಬ್ಯಾಡ ಅಂದ್ರೂ ಕೇಳದೆ ಕೂಸಿನ ಕಾಲಿಂದ ಬಿಚ್ಚಿ ಕೊಟ್ಟು ಹೋದ್ಳು. ಆ ಕೂಸು ನೀನೇ ಕೌಲಯ್ಯಾ. ಇದು ನಿನ್ನ ಪಾಲು. ಅದಕ್ಕೇ ನಿನ್ನೇ ಕರೆಸಿದೆ.'"

ಊರವರೆಲ್ಲ ಕೌಲಯ್ಯನ ಕಡೆ ತಿರುಗಿದರು.

"ನೀನು ಕೇಳಿಸಿಕೊಳ್ಳಲಿಲ್ಲ ಒಡೆಯಾ," ಎಂದಿತು ಹೋತ. "ನನಗೆ ತಿನ್ನಿಸೋ ಗಡಿಬಿಡೀಲಿದ್ದೆ."

ಆ ಮಾತು ಮುಗಿಯುತ್ತಲೇ ಮಾಯದ ಸರಪಳಿ ಕಳಚಿ ಬಿತ್ತು. ಕೌಲಯ್ಯನ ಮಾಟದ ಬಲವೆಲ್ಲ ಅವನು ಹಿಡಿದಿಟ್ಟುಕೊಂಡ ಪರರ ಪಾಲಿನಲ್ಲಿತ್ತು. ಅದು ಈಗ ಸಡಿಲಾಯಿತು. ಅವನ ಉಗ್ರಾಣದಿಂದ ಮಗ್ಗಗಳು, ಮದುವೆಯ ಸೀರೆಗಳು, ತಾಮ್ರದ ಹಂಡೆಗಳು, ಒಂದು ಕುಂಟು ಹಸು ಎಲ್ಲವೂ ಎದ್ದು ಸಾಲಾಗಿ ತಮ್ಮ ತಮ್ಮ ಮನೆಯ ದಾರಿ ಹಿಡಿದವು.

ನೀಲಾಜಿ ಮನೆಗೆ ಓಡಿದಳು. ಗೂಡಿನಿಂದ ಕಾಲ್ಗಡಗ ತಂದು, ತನ್ನ ಪಾಲನ್ನು ತಡೆದಿದ್ದ ಕೌಲಯ್ಯನ ಕೈಯಲ್ಲೇ ಇಟ್ಟಳು.

"ಅವ್ವ ಕೊಟ್ಟಿದ್ದು. ತಗೊಳ್ಳಿ ಸ್ವಾಮೀ."

ಅದು ಅವನ ಎರಡು ಬೆರಳಿಗೂ ಹಿಡಿಸದಷ್ಟು ಚಿಕ್ಕದಾಗಿತ್ತು. ಕೌಲಯ್ಯ ಅಷ್ಟು ಜನರೆದುರು ಮಗುವಿನ ಹಾಗೆ ಬಿಕ್ಕಿಬಿಕ್ಕಿ ಅತ್ತ.

"ನಾನು ಬದುಕಿರೋದೇ ಆ ದೋಣಿಯಿಂದ ತಾಯಿ," ಎಂದ.

ಅಂದಿನಿಂದ ಅವನು ಹೊಳೆಯ ದಡದಲ್ಲೇ ಉಳಿದ. ದೋಣಿ ಬಂದಾಗಲೆಲ್ಲ ಮುದುಕರ ಕೈಹಿಡಿದು ಇಳಿಸುತ್ತಿದ್ದ, ಕೂಸುಗಳನ್ನು ಎತ್ತಿಕೊಳ್ಳುತ್ತಿದ್ದ. ಹೋತ ಮತ್ತೆ ಮೈತುಂಬಿಕೊಂಡಿತು. ಏಳುಮಡುವಿನಲ್ಲಿ ಯಾರು ಹಾಸಿಗೆ ಹಿಡಿದರೂ ಮೊದಲು ಅದಕ್ಕೇ ಹೇಳಿ ಕಳಿಸುತ್ತಿದ್ದರು.

ನೀಲಾಜಿ ದಿನದ ಮೊದಲ ದೋಣಿ ಬಿಡುವ ಮುಂಚೆ ಒಂದು ಹಿಡಿ ಕೆಂಪಕ್ಕಿ ಅನ್ನಕ್ಕೆ ಉಪ್ಪು ಕಲಸಿ ಹೊಳೆಗೆ ಬಿಡುತ್ತಿದ್ದಳು. ಮುದಿ ಮೊಸಳೆ ಮೂತಿಯೆತ್ತಿ ಅದನ್ನು ತಿನ್ನುತ್ತಿತ್ತು. ಆಮೇಲೆ ಅವಳು ದಡದ ಕಡೆ ತಿರುಗಿ, "ಕೂಲಿ ಇಲ್ಲದೋರು ಮೊದಲು ಹತ್ತಿ," ಎಂದು ಕೂಗುತ್ತಿದ್ದಳು. ಹತ್ತಿದವರೆಲ್ಲ ಸುಖವಾಗಿ ದಡ ಸೇರಿದರು.