ಗಾಳೆಮ್ಮ ತೋರಿಸಿದ ಹಗೇವು

ಮಸ್ಕಿಯ ಆಚೆ, ಎರೆಹೊಲಗಳ ನಡುವಿನ ಒಂಟಿ ಮನೆಯ ಅಂಗಳದಲ್ಲಿ ನಿಂತು ಯಂಕೋಬ ಬೇವಿನ ಮರ ನೋಡುತ್ತಿದ್ದ.

"ಏನ್ ನೋಡಾಕತ್ತೀರಿ? ಮರ ಮಾರಾಂಗಿಲ್ಲ," ಎಂದಳು ಗಾಳೆಮ್ಮ, ಬಾಗಿಲ ಮರೆಯಿಂದ.

"ನಮ್ಮಜ್ಜಿ ಹಚ್ಚಿದ್ದರೀ ಇದು. ನೆಳ್ಳಾಗ ಒಂದೀಟು ನಿಂದ್ರಾಕ ಬಿಟ್ರ ಸಾಕು."

ನಗು ತಡೆಯಲು ಅವಳು ಸೆರಗು ಕಚ್ಚಿದಳು. ಅದನ್ನೂ ಅವನು ನೋಡಿದ.

ಆ ಮನೆ ಕಟ್ಟಿಸಿದ್ದು ಯಂಕೋಬನ ಮುತ್ತಜ್ಜ. ಪ್ಲೇಗಿನಲ್ಲಿ ಅರ್ಧ ಮಂದಿ ತೀರಿಹೋದ ಮೇಲೆ ಉಳಿದವರು ಅದನ್ನು ಮಾರಿ ಲಿಂಗಸುಗೂರು ಸೇರಿದರು. ಕೊಂಡವನು ಗಾಳೆಮ್ಮನ ಅಜ್ಜ. ಈಗ ಅಲ್ಲಿ ಅವಳು, ಅವಳ ಅಪ್ಪ ಪಂಪಣ್ಣ ಇಬ್ಬರೇ.

ಯಂಕೋಬ ಮಸ್ಕಿಯಲ್ಲಿ ನಿಜಾಮ ಸರ್ಕಾರದ ಗುಮಾಸ್ತ. ಶುಕ್ರವಾರ ಕಚೇರಿಗೆ ರಜೆ. ಪ್ರತಿ ಶುಕ್ರವಾರವೂ ಅವನು ಬರತೊಡಗಿದ. ಯುದ್ಧದ ಕಾಲ. ರೈತರ ಜೋಳವನ್ನು ಸರ್ಕಾರ ಲೆವಿಯೆಂದು ಎತ್ತಿಕೊಂಡು ಹೋಗುತ್ತಿತ್ತು.

"ಹುಡುಗ ಚಲೋ ಅದಾನ, ನಮ್ಮ ಮಂದ್ಯಾಗಿನಾಂವ. ಸುಗ್ಗಿ ಮುಗೀಲಿ, ಮಾತಾಡ್ತೀನಿ," ಎಂದ ಪಂಪಣ್ಣ. "ಆದ್ರ ಹಗೇವಿನ ಸುದ್ದಿ ಅವನ ಮುಂದ ತಗೀಬ್ಯಾಡವ್ವಾ."

ನೆಲದೊಳಗಿನ ಆ ಕಾಳಿನ ಗುಂಡಿಯಲ್ಲಿ ಅವರ ವರ್ಷದ ಜೋಳವಿತ್ತು. ಅದರ ಜಾಗ ಮನೆಯವರಿಗಷ್ಟೇ ಗೊತ್ತು. ಅಳಿಯನಾದವನಿಗೂ ಮದುವೆಯ ಮೇಲೆಯೇ ತೋರಿಸುವುದು.

ಒಂದು ಮಧ್ಯಾಹ್ನ ಯಂಕೋಬ ಕೇಳಿದ, "ನಮ್ಮಜ್ಜಿ ಸಾಯೂತನಾ ಹಗೇವು ನೆನಸ್ತಿದ್ಲು. ಎಲ್ಲೈತಿ ಅದು?"

ಗಾಳೆಮ್ಮ ಬಹಳ ಹೊತ್ತು ಅವನ ಮುಖ ನೋಡಿದಳು. ಆಮೇಲೆ ಕೊಟ್ಟಿಗೆಗೆ ಹೋಗಿ, ಹುಲ್ಲು ಸರಿಸಿ, ಒಂದು ಬಂಡೆಯ ಮೇಲೆ ಪಾದವಿಟ್ಟು ನಿಂತಳು. ನಿನ್ನನ್ನು ಒಪ್ಪಿದ್ದೇನೆ ಎನ್ನಲು ಅವಳಿಗೆ ಬೇರೆ ದಾರಿ ತಿಳಿದಿರಲಿಲ್ಲ. ಅವನ ಕಣ್ಣು ತುಂಬಿತು.

ಮುಂದಿನ ವಾರ ಲೆವಿ ಬಂಡಿಗಳು ಬಂದವು. ಜವಾನರು ಯಾರನ್ನೂ ಕೇಳಲಿಲ್ಲ. ನೇರ ಕೊಟ್ಟಿಗೆಗೆ ನಡೆದು ಅದೇ ಬಂಡೆ ಎತ್ತಿದರು. ಪಂಪಣ್ಣ ಬರಿದಾದ ಗುಂಡಿಗೆ ಬಂಡೆ ಮುಚ್ಚಿದ. ಸಂಜೆ, ಹೊಲಕ್ಕೆ ಕೂಲಿಗೆ ಬರುವ ಹುಸೇನಮ್ಮ ಉಡಿಯಲ್ಲಿ ಹಿಟ್ಟು ತಂದು ಒಲೆಯ ಬಳಿ ಸುರಿದು ಹೋದಳು.

ಶುಕ್ರವಾರ ಯಂಕೋಬ ಬಂದ.

"ಜ್ವಾಳ ಸಿಗಲಿಲ್ಲಂದ್ರ ಗ್ವಾಡಿ ಕೆಡವಿ ಹುಡುಕ್ರಿ ಅಂದ ನಮ್ಮ ಸಾಹೇಬ. ಮುತ್ತ್ಯಾ ಕಟ್ಟಿಸಿದ ಮನಿ, ಗಾಳೆಮ್ಮ. ನಾ ಜಾಗ ಹೇಳಿದ್ದಕ್ಕ ಉಳೀತು."

"ನಾ ಜಾಗ ತೋರ್ಸಿದ್ದು ನಿಮ್ಮ ಸಾಹೇಬಗಲ್ಲ."

"ಮದಿವಿ ಆಗಿ ಇಬ್ರೂ ಇಲ್ಲೇ ಇರೂಣು. ಮನಿ ಇಬ್ಬರ್ದೂ ಆಗ್ತೈತಿ."

"ಮೊದ್ಲು ನನಗೊಂದು ಮಾತು ಹೇಳಿದ್ರ, ಗ್ವಾಡಿ ನಾನೇ ಕೆಡವತಿದ್ದೆ," ಎಂದಳು ಅವಳು. "ಮನಿ ಉಳಿಸಿಕೊಂಡಿ ನೀ. ಮನ್ಯಾಗಿದ್ದಾಕಿನ್ನ ಉಳಿಸ್ಕೊಳ್ಳಿಲ್ಲ."

ಬಿಸಿಲಲ್ಲಿ ನಡೆದು ಬಂದವನೆಂದು ಅವಳು ಮಜ್ಜಿಗೆ ತಂದು ಕೊಟ್ಟಳು. ಕುಡಿದು, ತಂಬಿಗೆ ನೀಡುತ್ತ ಕೇಳಿದ, "ಮತ್ತ ಬರ್ಲೇನು?"

"ಬಂದ್ರ ಮಜ್ಜಿಗಿ ಕೊಡ್ತೀನಿ," ಎಂದಳು ಗಾಳೆಮ್ಮ. "ದಾರಿ ಹೋಗೋರಿಗೆಲ್ಲಾ ಕೊಡ್ತೀವಲ್ಲ."